ನಕಲಿ ಅನುಭವಕ್ಕೆ ಹಣ ಸುರಿಯಬೇಡಿ, ಮಾಡಿದ ಕೆಲಸ ತೋರಿಸಿ

ಮಾನ್ಯ ಸಂಪಾದಕರೇ,

ಕೋಲಾರ ಜಿಲ್ಲೆಯಲ್ಲಿ ಎಂಜಿನಿಯರಿಂಗ್, ಬಿಸಿಎ, ಎಂಸಿಎ ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕಾಗಿ ಕಾಯುತ್ತಿರುವವರ ಸಾಲಿಗೆ ಈಗ ಬೆಂಗಳೂರಿನಲ್ಲಿ ಇದ್ದ ಕೆಲಸ ಕಳೆದುಕೊಂಡು ಊರಿಗೆ ಮರಳಿದವರೂ ಸೇರಿದ್ದಾರೆ. ಇವರ ಮನೆಯವರ ಆತಂಕವನ್ನೇ ಬಂಡವಾಳ ಮಾಡಿಕೊಂಡು, ‘ಬ್ಯಾಕ್‌ಡೋರ್’ ಮೂಲಕ ಕೆಲಸ ಕೊಡಿಸುತ್ತೇವೆ, ಮೂರು ವರ್ಷದ ಅನುಭವ ಪತ್ರ ಮಾಡಿಸಿಕೊಡುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವ ಕನ್ಸಲ್ಟೆನ್ಸಿಗಳ ಹಾವಳಿಯೂ ಹೆಚ್ಚಿದೆ. ವೈಟ್‌ಫೀಲ್ಡ್‌ನ ಕಂಪನಿಯೊಂದರಲ್ಲಿ ಡೆವಲಪರ್ ಆಗಿರುವ ನಾನು ಹೊಸಬರನ್ನು ಸಂದರ್ಶಿಸುವ ತಂಡದಲ್ಲೂ ಇರುವುದರಿಂದ, ಈ ಹಣ ಹೇಗೆ ನೀರಿನಲ್ಲಿ ಹೋಮವಾಗುತ್ತದೆ ಎಂಬುದನ್ನು ಕಂಡಿದ್ದೇನೆ. ಹೊಲ ಅಡವಿಟ್ಟು ಹಣ ಹೊಂದಿಸುವ ತಂದೆತಾಯಿಗಳಿಗೆ ಇದು ಗೊತ್ತಿರಬೇಕೆಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಅನುಭವ ಪತ್ರವನ್ನು ಕಂಪನಿಗಳು ಕಣ್ಣು ಮುಚ್ಚಿಕೊಂಡು ನಂಬುವ ಕಾಲ ಮುಗಿದಿದೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಭವಿಷ್ಯನಿಧಿಯ (ಪಿಎಫ್) ಯುಎಎನ್, ಅಂದರೆ ಉದ್ಯೋಗಿಯ ಗುರುತಿನ ಸಂಖ್ಯೆ ಕೇಳುತ್ತಾರೆ. ಯಾವ ಸಂಸ್ಥೆ ಯಾವ ತಿಂಗಳಿಂದ ಯಾವ ತಿಂಗಳವರೆಗೆ ವಂತಿಗೆ ಕಟ್ಟಿದೆ ಎಂಬುದು ಅದರ ಸೇವಾ ವಿವರದಲ್ಲಿ ಇರುತ್ತದೆ. ಸಂಬಳದಲ್ಲಿ ತೆರಿಗೆ ಕಡಿತವಾಗಿದ್ದರೆ ಅದು ಆದಾಯ ತೆರಿಗೆಯ 26ಎಎಸ್ ನಮೂನೆಯಲ್ಲಿ ಕಾಣಿಸುತ್ತದೆ. ಪತ್ರದಲ್ಲಿ ಬರೆದದ್ದಕ್ಕೂ ಈ ದಾಖಲೆಗಳಿಗೂ ತಾಳೆಯಾಗದಿದ್ದರೆ, ಸೇರಿ ಆರು ತಿಂಗಳಾಗಿದ್ದರೂ ಕೆಲಸದಿಂದ ತೆಗೆಯುತ್ತಾರೆ. ಆಗ ಕಟ್ಟಿದ ಹಣದ ಜೊತೆಗೆ ಆ ಹುಡುಗನ ಹೆಸರೂ ಹೋಗುತ್ತದೆ. ಪ್ರಾಮಾಣಿಕವಾಗಿ ಹೇಳಿಕೊಂಡ ಒಂದೆರಡು ವರ್ಷದ ಖಾಲಿ ಅವಧಿಯಿಂದ ಇಷ್ಟು ಹಾನಿ ಖಂಡಿತ ಆಗುವುದಿಲ್ಲ. ‘ಈ ಅವಧಿಯಲ್ಲಿ ಏನು ಮಾಡಿದಿರಿ’ ಎಂದು ನಾವು ಕೇಳುತ್ತೇವೆ, ನಿಜ. ಆ ಪ್ರಶ್ನೆಗೆ ತೋರಿಸಲು ಏನಾದರೂ ಇರಬೇಕು, ಅಷ್ಟೆ.

ಆದರೆ ನಮಗೆ ಬರುವ ರೆಸ್ಯೂಮೆಗಳಲ್ಲಿ ಬಹುಪಾಲು ಒಂದರ ನೆರಳಿನಂತೆ ಇನ್ನೊಂದು ಇರುತ್ತದೆ. ಹತ್ತು ಹದಿನೈದು ತಂತ್ರಜ್ಞಾನಗಳ ಹೆಸರು, ತರಬೇತಿ ಕೇಂದ್ರ ಕೊಟ್ಟ ನಾಲ್ಕಾರು ಸರ್ಟಿಫಿಕೇಟ್, ಯೂಟ್ಯೂಬ್ ನೋಡಿ ಮಾಡಿದ ಲೈಬ್ರರಿ ಮ್ಯಾನೇಜ್‌ಮೆಂಟ್ ಪ್ರಾಜೆಕ್ಟ್. ಎರಡು ಟೇಬಲ್‌ಗಳನ್ನು ಜೋಡಿಸಿ ಮಾಹಿತಿ ತೆಗೆಯುವ ಒಂದು ಎಸ್‌ಕ್ಯೂಎಲ್ (ದತ್ತಾಂಶ ಹುಡುಕಿ ತೆಗೆಯುವ ಕಂಪ್ಯೂಟರ್ ಭಾಷೆ) ಪ್ರಶ್ನೆ ಕೊಟ್ಟರೆ ಕೈ ನಿಂತುಹೋಗುತ್ತದೆ. ಇದು ಬುದ್ಧಿಯ ಕೊರತೆಯಲ್ಲ. ತಾವು ಬರೆದ ಪ್ರೋಗ್ರಾಂ ಅನ್ನು ಬೇರೊಬ್ಬರು ದಿನವೂ ಬಳಸಿ, ಅದು ಕೆಟ್ಟು, ಅದನ್ನು ತಾವೇ ಕೂತು ಸರಿಪಡಿಸುವ ಸಂದರ್ಭ ಈ ಮಕ್ಕಳಿಗೆ ಒಮ್ಮೆಯೂ ಬಂದಿರುವುದಿಲ್ಲ.

ಅಂಥ ಸಂದರ್ಭಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಕಳೆದ ವರ್ಷ ಮುಳಬಾಗಿಲು ಕಡೆಯ ಯುವಕನೊಬ್ಬ ನಮ್ಮಲ್ಲಿ ಸಂದರ್ಶನಕ್ಕೆ ಬಂದಿದ್ದ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇಟ್ಟಿರುವ ತನ್ನ ಚಿಕ್ಕಪ್ಪನಿಗಾಗಿ ಅವನು ಮೊಬೈಲಿನಲ್ಲಿ ರೈತರ ಬಿಲ್ ಬರೆಯುವ ಒಂದು ಸಣ್ಣ ಆ್ಯಪ್ ಮಾಡಿದ್ದ. ರೈತನ ಹೆಸರು ಕನ್ನಡದಲ್ಲಿ, 15 ಕೆ.ಜಿ. ಪೆಟ್ಟಿಗೆಗಳ ಲೆಕ್ಕ, ಹರಾಜಿನಲ್ಲಿ ನಿಂತ ದರ, ಕಳೆಯಬೇಕಾದ ಸಾಗಣೆ, ಹಮಾಲಿ, ಮುಂಗಡ, ಕೊನೆಗೆ ಕೈಗೆ ಬರುವ ಮೊತ್ತ. ಅದರಲ್ಲಿ ಇದ್ದದ್ದು ಇಷ್ಟೇ. ಹರಾಜಿನ ಗದ್ದಲದಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ಗುಮಾಸ್ತರು ಎರಡು ಸಲ ಬಟನ್ ಒತ್ತಿ, ಒಂದೇ ಬಿಲ್ ಎರಡು ಬಾರಿ ದಾಖಲಾಗುತ್ತಿತ್ತಂತೆ. ಬಿಲ್‌ಗಳನ್ನು ದಾಖಲಿಸಿಡುವ ಕಂಪ್ಯೂಟರಿಗೆ, ಅಂದರೆ ಸರ್ವರ್‌ಗೆ, ಬಿಲ್ ಹೋಗುವ ಮೊದಲೇ ಫೋನಿನಲ್ಲಿ ಅದಕ್ಕೊಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹೊಸದಾಗಿ ಬರೆದುಕೊಳ್ಳದಂತೆ ಮಾಡಿದೆ ಎಂದು ಅವನು ಕಾಗದದ ಮೇಲೆ ಗೆರೆ ಎಳೆದು ವಿವರಿಸಿದ. ದೊಡ್ಡ ಪಾವತಿ ವ್ಯವಸ್ಥೆಗಳಲ್ಲಿ ನಾವು ಎದುರಿಸುವ ಸಮಸ್ಯೆಯೂ ಇದೇ. ಅವನ ಇಂಗ್ಲಿಷ್ ತಡವರಿಸುತ್ತಿತ್ತು, ಸರ್ಟಿಫಿಕೇಟ್ ಒಂದೂ ಇರಲಿಲ್ಲ. ಆದರೂ ಅವನನ್ನು ಆರಿಸಲು ನಮ್ಮ ತಂಡದಲ್ಲಿ ಯಾರೂ ಎರಡು ಮಾತಾಡಲಿಲ್ಲ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ಹಳ್ಳಿಹಳ್ಳಿಯ ಹಾಲಿನ ಡೇರಿ, ಮಾಲೂರಿನ ಹೆಂಚಿನ ಕಾರ್ಖಾನೆ ಎಲ್ಲ ಕಡೆಯೂ ಇಂಥ ಕೆಲಸವಿದೆ. ಮಾಡಿದ್ದನ್ನು ಪ್ರೋಗ್ರಾಂಗಳನ್ನು ಇಟ್ಟು ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇಡಬೇಕು, ಬಳಸುವವರ ಖಾಸಗಿ ವಿವರಗಳನ್ನು ಮಾತ್ರ ತೆಗೆದು. ಒಂದೇ ದಿನ ಎಲ್ಲವನ್ನೂ ತಂದು ಸುರಿಯದೆ, ದಿನದಿನದ ಬದಲಾವಣೆಗಳನ್ನು ಆಗಾಗಲೇ ಸೇರಿಸುತ್ತ ಹೋದರೆ, ಕೆಲಸ ಸ್ವಂತದ್ದು ಎಂಬುದಕ್ಕೆ ಆ ಇತಿಹಾಸವೇ ಸಾಕ್ಷಿಯಾಗುತ್ತದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸಣ್ಣಪುಟ್ಟ ಕೋಡ್ ಬರೆಯುವುದು ಯಾರಿಗಾದರೂ ಸಾಧ್ಯ. ಆದ್ದರಿಂದ ಹೀಗೆ ಬಂದ ಕೋಡಿನಲ್ಲಿ ತಪ್ಪು ಎಲ್ಲಿದೆ, ಅದು ಯಾವಾಗ ಮುರಿದು ಬೀಳುತ್ತದೆ ಎಂದು ಹೇಳಬಲ್ಲವರನ್ನು ನಾವು ಹುಡುಕುತ್ತೇವೆ. ಬೇರೆಯವರು ಬರೆದ ಕೋಡ್ ಓದುವ ಅಭ್ಯಾಸ, ಲಿನಕ್ಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ), ಎಸ್‌ಕ್ಯೂಎಲ್, ಯಾವುದಾದರೂ ಒಂದು ಪ್ರೋಗ್ರಾಮಿಂಗ್ ಭಾಷೆಯ ಮೇಲೆ ಗಟ್ಟಿ ಹಿಡಿತ, ಇಷ್ಟಿದ್ದರೆ ಉಳಿದದ್ದನ್ನು ಕೆಲಸಕ್ಕೆ ಸೇರಿ ಕಲಿಯಬಹುದು.

ಕಲಿಯಲು ಸಾಲ ಮಾಡಬೇಕಾಗಿಲ್ಲ. ಐಐಟಿಗಳ ಅಧ್ಯಾಪಕರು ಕಲಿಸುವ ಎನ್‌ಪಿಟಿಇಎಲ್ ಪಾಠಗಳನ್ನು ಉಚಿತವಾಗಿ ನೋಡಬಹುದು; ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ರಾಜ್ಯ ಸರ್ಕಾರದ ಯುವನಿಧಿಯಲ್ಲಿ ಅರ್ಹ ಪದವೀಧರರಿಗೆ ಗರಿಷ್ಠ ಎರಡು ವರ್ಷ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿ ಸಿಗುತ್ತದೆ. ಇಂಟರ್‌ನೆಟ್ ಮತ್ತು ಪರೀಕ್ಷಾ ಶುಲ್ಕಕ್ಕೆ ಅದು ಸಾಕು. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳನ್ನೂ ನಮ್ಮವರು ಮರೆಯಬಾರದು. ಕಾರ್ಖಾನೆಗಳಿಗೂ ದಾಸ್ತಾನು, ಉತ್ಪಾದನೆ, ಗುಣಮಟ್ಟದ ಲೆಕ್ಕಕ್ಕೆ ಸಾಫ್ಟ್‌ವೇರ್ ಬೇಕು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ಹೆಸರು ನೋಂದಾಯಿಸಿ ಒಂದು ವರ್ಷ ಅಂಥ ಕಡೆ ದುಡಿದರೆ ಅದು ದಾಖಲೆಯಿರುವ ಅನುಭವ.

ಕೆಲಸ ಕಳೆದುಕೊಂಡು ಬಂದವರಿಗೆ ಒಂದು ಮಾತು. ನೀವು ಊರಿನಲ್ಲಿ ಮುಖ ಮರೆಸಿಕೊಂಡು ಓಡಾಡಬೇಕಾಗಿಲ್ಲ. ಹಳೆಯ ಸಹೋದ್ಯೋಗಿಗಳಿಗೆ ವಿಷಯ ತಿಳಿಸಿ; ಒಳಗಿರುವವರ ಶಿಫಾರಸಿನ ಮೂಲಕ ಬಂದ ಅರ್ಜಿಯನ್ನು ನಾವು ಮೊದಲು ತೆರೆದು ನೋಡುತ್ತೇವೆ. ಹೊಸಬರನ್ನು ವಾರಕ್ಕೆರಡು ಸಂಜೆ ಎದುರು ಕೂರಿಸಿಕೊಂಡು ಅಣಕು ಸಂದರ್ಶನ ಮಾಡಿ. ಮೊದಲು ಕನ್ನಡದಲ್ಲಿ ಯೋಚನೆ ಬಿಡಿಸಿ ಹೇಳಲಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಲಿ. ಇದರಿಂದ ಇಬ್ಬರಿಗೂ ಲಾಭ.

ಜಿಲ್ಲೆಯ ಎಂಜಿನಿಯರಿಂಗ್ ಮತ್ತು ಪದವಿ ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟು: ತರಗತಿ ಮುಗಿದ ಮೇಲೆ ಬೀಗ ಬೀಳುವ ಕಂಪ್ಯೂಟರ್ ಲ್ಯಾಬ್‌ಗಳನ್ನು ಸಂಜೆ ಎರಡು ಗಂಟೆ ಹಳೆಯ ವಿದ್ಯಾರ್ಥಿಗಳಿಗೂ ತೆರೆದಿಡಿ. ಕಾಲೇಜಿನ ಆವರಣದಲ್ಲಿ ಕನ್ಸಲ್ಟೆನ್ಸಿಗಳ ಕರಪತ್ರ ಹಂಚಲು ಬಿಡಬೇಡಿ. ಪೋಷಕರೂ ಹಣ ಕಟ್ಟುವ ಮೊದಲು ಆಫರ್ ಲೆಟರ್ ಬಂದ ಇ-ಮೇಲ್ ಕಂಪನಿಯ ಅಧಿಕೃತ ಜಾಲತಾಣದ ವಿಳಾಸದಿಂದ ಬಂದದ್ದೇ ಎಂದು ನೋಡಬೇಕು, ಕಂಪನಿಯ ಎಚ್‌ಆರ್ ವಿಭಾಗವನ್ನೇ ನೇರವಾಗಿ ವಿಚಾರಿಸಬೇಕು. ಕೆಲಸ ಕೊಡುವ ಕಂಪನಿ ಅಭ್ಯರ್ಥಿಯಿಂದ ಹಣ ಕೇಳುವುದಿಲ್ಲ. ಆನ್‌ಲೈನ್‌ನಲ್ಲಿ ಈಗಾಗಲೇ ಹಣ ಕಟ್ಟಿ ಮೋಸ ಹೋಗಿದ್ದರೆ, ನಾಚಿಕೆಯಿಂದ ಸುಮ್ಮನಿರದೆ ತಕ್ಷಣ 1930 ಸೈಬರ್ ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಸಾಗಿ ಕೈತಪ್ಪುತ್ತದೆ.

ಇಂತಿ,
ಸಾಫ್ಟ್‌ವೇರ್ ಉದ್ಯೋಗಿ, ಕೋಲಾರ