ಡೊಂಬಿವಲಿಯ ಗೆಳೆಯನಿಗೆ, ದಿಂಬುಗಳ ವಿಷಯವಾಗಿ

ಪ್ರಿಯ ಸತೀಶ,

ನಡುರಾತ್ರಿ "ವಿದ್ಯಾ ಅಂಗಾತ ಮಲಗಿಬಿಟ್ಟಿದ್ದಾಳೆ, ಎಬ್ಬಿಸಲಾ?" ಎಂದು ಬಸುರಿ ಹೆಂಡತಿಯ ಬಗ್ಗೆ ಮೆಸೇಜು ಹಾಕುವ ಗಂಡಸಿಗೆ ಒಂದು ಸಾಲಿನ ಉತ್ತರ ಸಾಲದು. ಅದಕ್ಕೇ ಈ ಪತ್ರ, ಊರವರೆಲ್ಲ ಓದುವ ಹಾಗೆ ಇಲ್ಲೇ. ಇಡ್ಲಿ ಪ್ರಕರಣ ಎತ್ತುವುದಿಲ್ಲ, ಹೆದರಬೇಡ.

ಎಬ್ಬಿಸಿ ಗಾಬರಿ ಮಾಡಬೇಡ ಮಾರಾಯ. 28 ವಾರ ದಾಟಿದ ಮೇಲೆ ಗಮನಿಸಬೇಕಾದ್ದು ಯಾವ ಭಂಗಿಯಲ್ಲಿ ನಿದ್ದೆಗೆ ಜಾರುತ್ತಾಳೆ ಎಂಬುದನ್ನು, ಏಕೆಂದರೆ ರಾತ್ರಿಯ ಹೆಚ್ಚು ಹೊತ್ತು ಕಳೆಯುವುದು ಆ ಭಂಗಿಯಲ್ಲೇ. ಮಧ್ಯಾಹ್ನದ ಜೊಂಪಿಗೂ ಇದೇ ಮಾತು. ಎಚ್ಚರವಾದಾಗ ಅಂಗಾತವಿದ್ದರೆ ಸುಮ್ಮನೆ ಮಗ್ಗುಲಾದರಾಯಿತು. ಕಾಲುಗಳಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳ ಬೆನ್ನುಮೂಳೆಯ ಬಲಕ್ಕಿದೆ. ಅಂಗಾತ ಮಲಗಿದಾಗ ಗರ್ಭದ ಭಾರವೆಲ್ಲ ಅದರ ಮೇಲೆ. ತಾಯಿಗೆ ತಲೆಸುತ್ತು, ಬೆವರು, ವಾಕರಿಕೆ ಬರಬಹುದು, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ನೋಡಿದಾಗ, ಅಂಗಾತ ನಿದ್ದೆಗೆ ಜಾರುವವರಲ್ಲಿ ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವ ಸಂಭವ ಸುಮಾರು ಎರಡೂವರೆ ಪಟ್ಟು ಕಂಡಿತು. ಮೂಲ ಅಪಾಯವೇ ಚಿಕ್ಕದು, ಆದರೂ ತಪ್ಪಿಸಲು ಇಷ್ಟು ಸುಲಭವಿರುವಾಗ ಯಾಕೆ ಬಿಡಬೇಕು? ಅದೇ ಲೆಕ್ಕದಲ್ಲಿ ಎಡಕ್ಕೂ ಬಲಕ್ಕೂ ವ್ಯತ್ಯಾಸವಿರಲಿಲ್ಲ. ಹಾಗಾಗಿ "ಎಡಕ್ಕೇ ಮಲಗು" ಎಂಬ ಹಠವನ್ನು ಸ್ವಲ್ಪ ಸಡಿಲಿಸಲು ನಿನ್ನ ಅಮ್ಮನಿಗೆ ಹೇಳು. ಎದೆಯುರಿ ಇದ್ದ ರಾತ್ರಿ ಮಾತ್ರ ಎಡವೇ ಲೇಸು. ಆಗಲೂ ತಲೆಗೆ ಎರಡು ದಿಂಬು ಪೇರಿಸಿದರೆ ಕತ್ತು ಮಡಚುತ್ತದೆ ಅಷ್ಟೆ, ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಇಟ್ಟಿಗೆ ಕೊಡು.

ಆನ್‌ಲೈನಿನಲ್ಲಿ ಮಾರುವ ಹೆಬ್ಬಾವಿನಂಥ ದಿಂಬು ನಿಮ್ಮ ಒಂದೇ ಕೋಣೆ-ಅಡುಗೆಮನೆಯ ಒನ್ ಆರ್‌ಕೆಯಲ್ಲಿ ಹಿಡಿಸುವುದಿಲ್ಲ, ಬೇಕಾಗಿಯೂ ಇಲ್ಲ. ಮೊಣಕಾಲುಗಳ ನಡುವೆ ಒಂದು ಗಟ್ಟಿ ದಿಂಬು, ಅದು ಪಾದದ ಗಂಟಿನವರೆಗೂ ಚಾಚಿರಬೇಕು. ಎಲ್ಲರೂ ಎಡವುವುದು ಇಲ್ಲೇ: ಮೊಣಕಾಲಿಗೆ ಮಾತ್ರ ಕೊಟ್ಟು ಪಾದ ಕೆಳಗೆ ಜೋತುಬಿದ್ದರೆ ಸೊಂಟ ತಿರುಚಿಕೊಂಡು ಬೆಳಿಗ್ಗೆ ನೋವು. ಹೊಟ್ಟೆಯ ಅಡಿಗೆ ಮಡಚಿದ ಹಳೆ ಸೀರೆ, ತೆಳ್ಳಗೆ. ಬೆನ್ನಿಗೆ ಲೋಡು, ನಿದ್ದೆಯಲ್ಲಿ ಅಂಗಾತ ಹೊರಳದಂತೆ. ಹೊರಳುವಾಗ ತೊಡೆಸಂದಿಯ ಮುಂದಿನ ಮೂಳೆ ನೋಯುತ್ತದೆ ಎಂದರೆ ಮೊಣಕಾಲುಗಳಲ್ಲಿ ದಿಂಬನ್ನು ಒತ್ತಿ ಹಿಡಿದು ಭುಜ, ಸೊಂಟ, ಕಾಲು ಒಟ್ಟಿಗೇ ತಿರುಗಿಸಲಿ. ಏಳುವಾಗ ನೇರ ಎದ್ದು ಕೂರುವ ಸಾಹಸ ಬೇಡ: ಮಗ್ಗುಲಾಗಿ, ಕಾಲು ಕೆಳಗಿಳಿಸಿ, ಕೈ ಊರಿ. ಮೀನಖಂಡ ಹಿಡಿದರೆ ಪಾದದ ಬೆರಳುಗಳನ್ನು ಮೇಲಕ್ಕೆ, ಮೊಣಕಾಲಿನ ಕಡೆಗೆ ಎಳೆ. ಹಾಸಿಗೆಯಲ್ಲಿ ನಿನ್ನ ಪಾಲು ಇನ್ನು ಮುಂಬೈ ಲೋಕಲ್ ರೈಲಿನಲ್ಲಿ ಮೂವರ ಸೀಟಿನ ತುದಿಗೆ ತುರುಕುವ ನಾಲ್ಕನೇ ಸೀಟಿನಷ್ಟೇ. ಸೆಂಟ್ರಲ್ ಲೈನಿನವನು, ಅಭ್ಯಾಸವಿದೆ.

ಮಗುವಿನ ಮಿಸುಕಾಟ ಕಡಿಮೆ ಅನ್ನಿಸಿದರೆ, ರಕ್ತ ಕಂಡರೆ, ಗರ್ಭದ ನೀರು ಹಸಿರಾಗಿ ಹೋದರೆ ದಿಂಬು ಸರಿಮಾಡುತ್ತ ಕೂರಬೇಡ. ಹೊರಡು.

ಬೇನೆ ಶುರುವಾದ ಮೇಲೆ ಮಲಗಲೇಬೇಕೆಂದಿಲ್ಲ. ಓಡಾಡುತ್ತ, ಕೂತು, ಮಂಚಕ್ಕೆ ಒರಗಿ ನಿಂತು ಕಳೆದರೆ ಮೊದಲ ಹಂತ, ಅಂದರೆ ಗರ್ಭದ ಬಾಯಿ ಪೂರ್ತಿ ತೆರೆಯುವವರೆಗಿನ ಹೊತ್ತು, ಸರಾಸರಿ ಒಂದು ಗಂಟೆಗಿಂತಲೂ ಜಾಸ್ತಿ ಮೊಟಕಾಗುತ್ತದೆ. ನೋವೆಲ್ಲ ಬೆನ್ನಿಗೇ ಬಂದರೆ ಅಂಬೆಗಾಲಿನ ಭಂಗಿ ಹಾಯೆನಿಸುತ್ತದೆ; ನೀನು ಅಂಗೈಯ ಬುಡದಿಂದ ಸೊಂಟದ ಕೆಳಗಿನ ಮೂಳೆಯನ್ನು ಒತ್ತಿ ಹಿಡಿ, ಉಜ್ಜಬೇಡ. ದಣಿದರೆ ಮಗ್ಗುಲು. ಎಪಿಡ್ಯೂರಲ್, ಅಂದರೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಮದ್ದು, ತೆಗೆದುಕೊಂಡವರಿಗೂ ಮಗ್ಗುಲೇ ಒಳ್ಳೆಯದು, ಮಗುವನ್ನು ಹೊರಗೆ ತಳ್ಳಲು ಮುಕ್ಕುವಾಗಲೂ. ಅದನ್ನು ತೆಗೆದುಕೊಂಡ ಚೊಚ್ಚಲಿನವರಲ್ಲಿ ಎದ್ದು ಕೂತವರಿಗಿಂತ ಮಗ್ಗುಲಾಗಿ ಮಲಗಿದವರಿಗೆ ಸಹಜ ಹೆರಿಗೆ ತುಸು ಹೆಚ್ಚಾದದ್ದು 2017ರ ಒಂದು ದೊಡ್ಡ ಅಧ್ಯಯನದಲ್ಲಿ ಕಂಡಿದೆ.

ಇಲ್ಲೊಂದು ಸಂಗತಿ ಈಚೆಗೆ ನನ್ನನ್ನು ಕೊರೆಯುತ್ತಿದೆ. ಮೂರು ತಿಂಗಳು "ಅಂಗಾತ ಬೇಡಮ್ಮಾ" ಎಂದು ಬೋಧಿಸುವವರು ನಾವು, ಹೆರಿಗೆ ವಾರ್ಡಿನ ನರ್ಸುಗಳು. ಬೇನೆ ತಿನ್ನುತ್ತ ಬಂದ ಅದೇ ಹೆಂಗಸನ್ನು ಅಂಗಾತ ಮಲಗಿಸಿ ಹೊಟ್ಟೆಗೆ ಬೆಲ್ಟು ಬಿಗಿಯುವವರೂ ನಾವೇ. ಮಗುವಿನ ಎದೆಬಡಿತದ ಆ ಬೆಲ್ಟು ಮಗ್ಗುಲಲ್ಲೂ ಕೂತಾಗಲೂ ಕೆಲಸ ಮಾಡುತ್ತದೆ, ಆಗಾಗ ಸರಿಸಬೇಕು ಅಷ್ಟೆ. ಸಿಸೇರಿಯನ್ ಟೇಬಲ್ಲಿನ ಮೇಲೆ ಆ ದೊಡ್ಡ ನಾಳದ ಮೇಲೆ ಭಾರ ಬೀಳದಂತೆ ಬಲ ಸೊಂಟದ ಅಡಿಗೆ ಒತ್ತು ಕೊಟ್ಟು ಎಡಕ್ಕೆ ವಾಲಿಸುವುದನ್ನು ಯಾರೂ ಮರೆಯುವುದಿಲ್ಲ, ಹೆರಿಗೆ ಮಂಚದ ಮೇಲೆ ಮರೆತೇಹೋಗುತ್ತದೆ. ಮಗುವನ್ನು ಎಳೆಯುವ ಚಿಮಟ, ವ್ಯಾಕ್ಯೂಮ್, ಆಮೇಲಿನ ಹೊಲಿಗೆಗೆ ಅಂಗಾತ ಬೇಕು, ಒಪ್ಪಿದೆ. ಉಳಿದ ಗಂಟೆಗಳಲ್ಲಿ? ಅದು ನಮ್ಮ ಕಣ್ಣಿಗೆ, ನಮ್ಮ ಸೊಂಟಕ್ಕೆ ಅನುಕೂಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಭಂಗಿ ತಾಯಿಯ ಆಯ್ಕೆ ಎಂದಿದೆ. ಇದನ್ನು ನಾನು ತರಗತಿಯಲ್ಲಿ ಜೋರಾಗಿ ಹೇಳುತ್ತೇನೆ, ವಾರ್ಡಿನಲ್ಲಿ ಮೆಲ್ಲಗೆ. ದೊಡ್ಡ ಡಾಕ್ಟರು ಒಳಗೆ ಬಂದರೆ ಹೇಳುವುದೇ ಇಲ್ಲ. ವಿದ್ಯಾಳ ಸರದಿ ಬಂದಾಗ ಪಕ್ಕದಲ್ಲಿ ನನ್ನಂಥವಳೇ ನಿಂತಿರುತ್ತಾಳೆ ಎನ್ನುವುದೇ ನನಗೆ ಭಯ.

ಸಾಕು, ಅತಿಯಾಯಿತು. ನಮ್ಮ ಮೇಟ್ರನ್ ಕೂಡ ಇಲ್ಲಿ ಲೈಕು ಒತ್ತುವವರೇ. ಮೇಲಿನ ಪ್ಯಾರಾ ಯಾರೋ ಹ್ಯಾಕ್ ಮಾಡಿ ಬರೆದದ್ದು ಎಂದು ತಿಳಿ.

34ನೇ ವಾರದ ಚೆಕಪ್ಪಿಗೆ ಹೋದಾಗ ಎರಡು ಪ್ರಶ್ನೆ ನೀನೇ ಕೇಳು: ಬೇನೆಯಲ್ಲಿ ಓಡಾಡಲು ಬಿಡುತ್ತೀರಾ, ಮಗ್ಗುಲಲ್ಲೇ ಹೆರಲು ಬಿಡುತ್ತೀರಾ? ಮತ್ತೆ ಆ ಲೋಡನ್ನು ಆಸ್ಪತ್ರೆಗೂ ಒಯ್ಯಿ, ಗಾಢ ಬಣ್ಣದ ಕವರು ಹಾಕಿ. ಬಿಳಿ ಕವರಿನದ್ದು ವಾರ್ಡಿನ ದಿಂಬುಗಳ ಜತೆ ಸೇರಿಹೋದರೆ ಮತ್ತೆ ಸಿಗುವುದಿಲ್ಲ, ನನ್ನನ್ನು ಕೇಳಬೇಡ.

ನಿನ್ನ,
ನರ್ಸಮ್ಮ