ಸ್ವಿಂಗ್, ಬ್ಲೂಸ್ ಕಲಿಸಲು ಹೊರಟ ಗೆಳೆಯನಿಗೆ

ಗೆಳೆಯಾ,

ನಿನ್ನ ಆರು ವಾರದ ಪಾಠದ ಪಟ್ಟಿ ಓದಿದೆ. ಐದು ವಾರ ಬರೀ ಸ್ಟೆಪ್ಪು, ಆರನೇ ವಾರದ ಮುಂದೆ ‘ಭಾವ, ಸ್ವಂತಿಕೆ’ ಅಂತ ಬರೆದಿದ್ದೀಯ. ನನ್ನ ತಕರಾರು ಅಲ್ಲೇ. ಐದು ವಾರ ನೀನು ಹೇಳಿದ್ದನ್ನಷ್ಟೇ ಮಾಡಿದವರಿಗೆ ಆರನೇ ವಾರ ಏಕಾಏಕಿ ‘ಈಗ ಮನಸ್ಸಿಗೆ ಬಂದಂತೆ ಕುಣಿಯಿರಿ’ ಅಂದರೆ ಅರ್ಧ ಜನ ನಿಂತಲ್ಲೇ ನಿಲ್ಲುತ್ತಾರೆ, ಉಳಿದರ್ಧ ಯೂಟ್ಯೂಬಿನಲ್ಲಿ ನೋಡಿದ ಯಾರದೋ ಕೈಕಾಲು ಬೀಸುತ್ತಾರೆ. ಸ್ವಿಂಗ್ ಸಂಗೀತಕ್ಕೆ ಜೋಡಿಯಾಗಿ ಕುಣಿಯುವ ಲಿಂಡಿ ಹಾಪ್ ಆಗಲಿ, ಬ್ಲೂಸ್ ಹಾಡಿಗೆ ಕುಣಿಯುವ ಬ್ಲೂಸ್ ಆಗಲಿ, ಸ್ವಂತದ್ದೇನಾದರೂ ಸೇರಿಸುವ ಜಾಗ ಸಂಗೀತದೊಳಗೇ ಇದೆ. ಅದನ್ನು ಮೊದಲ ದಿನವೇ ತೋರಿಸು. ಆದರೆ ಚಿಕ್ಕ ಜಾಗ ಕೊಡು, ಗಡಿ ಹಾಕಿ ಕೊಡು.

ಮೊದಲ ಹತ್ತು ನಿಮಿಷ ಸ್ಟೆಪ್ಪೇ ಬೇಡ, ಪಲ್ಸ್ ಸಾಕು, ಅಂದರೆ ಬೀಟಿಗೆ ತಕ್ಕ ಮೈಯ ಮಿಡಿತ. ಲಿಂಡಿಗೆ ಮಂಡಿ ಸಡಿಲವಾಗಿರಬೇಕು, ಭಾರ ಪಾದದ ಮುಂಭಾಗದ ಮೇಲಿರಬೇಕು, ಸೊಂಟ ತುಸು ಹಿಂದೆ, ಪ್ರತಿ ಬೀಟಿಗೂ ಮೈ ಕೆಳಕ್ಕೆ ಇಳಿಯಬೇಕು. ‘ಬೌನ್ಸ್ ಮಾಡಿ’ ಅಂದೆಯೋ, ಹಿಮ್ಮಡಿ ಎತ್ತಿ ಮೇಲಕ್ಕೆ ಜಿಗಿಯಲು ಶುರುಮಾಡುತ್ತಾರೆ. ಬೀಟು ಬೀಳುವ ಹೊತ್ತಿಗೆ ಮೈ ಮೇಲಿರುತ್ತದೆ, ಹಾಗಾಗಿ ಮುಂದಿನ ಹೆಜ್ಜೆ ತಡ. ‘ಇಳಿಯಿರಿ’ ಅನ್ನು, ಅಷ್ಟರಿಂದಲೇ ಮುಕ್ಕಾಲು ಪಾಲು ಸರಿಹೋಗುತ್ತದೆ. ಬ್ಲೂಸಿನಲ್ಲಿ ಇದೇ ಪಲ್ಸ್ ಇನ್ನೂ ಕೆಳಗೆ, ಇನ್ನೂ ನಿಧಾನ. ಕಾಲಿನ ಹರಡು, ಮಂಡಿ, ಸೊಂಟ ಮೂರೂ ಸೇರಿ ಭಾರವನ್ನು ನೆಲಕ್ಕಿಳಿಸುತ್ತವೆ. ಎದೆ, ಬೆನ್ನು, ಭುಜ ಬೇರೆ ವಾದ್ಯವನ್ನು ಹಿಡಿಯಲು ಬಿಡುವಾಗಿರುತ್ತವೆ. ಮಂಡಿ ನೆಟ್ಟಗಿಟ್ಟು ಸೊಂಟವೊಂದನ್ನೇ ಅಲ್ಲಾಡಿಸಿದರೆ ಅದು ಬ್ಲೂಸ್ ಆಗುವುದಿಲ್ಲ, ಐಟಂ ಸಾಂಗ್ ಆಗುತ್ತದೆ.

ಬೆಂಗಳೂರಿನ ತರಗತಿ ಅಂದಮೇಲೆ ಭರತನಾಟ್ಯವನ್ನೋ ಕರ್ನಾಟಕ ಸಂಗೀತವನ್ನೋ ಕಲಿತವರು ಒಂದಿಬ್ಬರು ಇದ್ದೇ ಇರುತ್ತಾರೆ. ಅವರಿಗೆ ಟ್ರಿಪಲ್ ಸ್ಟೆಪ್, ಅಂದರೆ ಎರಡು ಬೀಟಿಗೆ ಮೂರು ಹೆಜ್ಜೆ, ವಿವರಿಸಲು ಬೀಟನ್ನು ಮೂರಾಗಿ ಒಡೆಯುವ ತಿಶ್ರ ನಡೆಗಿಂತ ಒಳ್ಳೆಯ ದಾರಿ ಇಲ್ಲ. ಒಂದು ಬೀಟಿಗೆ ‘ತ-ಕಿ-ಟ’ ಹೇಳಿಸು. ಆಮೇಲೆ ‘ಕಿ’ಯನ್ನು ನುಂಗಿ ಹೇಳಿಸು. ಉಳಿಯುವ ‘ತ... ಟ’, ಅಂದರೆ ಮೊದಲಿನದು ಉದ್ದ, ಎರಡನೆಯದು ಗಿಡ್ಡ, ಅದೇ ಸ್ವಿಂಗಿನ ನಡೆ. ‘ತ’ಕ್ಕೊಂದು ಹೆಜ್ಜೆ, ‘ಟ’ಕ್ಕೊಂದು, ಮುಂದಿನ ಬೀಟಿನ ‘ತ’ಕ್ಕೆ ಮೂರನೆಯದು. ಮೂರನ್ನೂ ಸರಿಸಮ ಅಂತರದಲ್ಲಿ ಇಟ್ಟರೆ ಕಾಲು ಸರಿಯಾಗೇ ಇದ್ದರೂ ನೋಡಲು ಕವಾಯತು. ಹಾಡಿನ ವೇಗ ಹೆಚ್ಚಿದಂತೆ ಈ ಉದ್ದ-ಗಿಡ್ಡದ ಅಂತರ ತಾನಾಗಿ ಕುಗ್ಗುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡ. ಇವರಿಗೇ ಇನ್ನೊಂದು ತೊಡಕಿದೆ: ಸಮದ ಮೇಲೆ, ಅಂದರೆ ತಾಳದ ಮೊದಲ ಪೆಟ್ಟಿಗೆ ತಟ್ಟುವ ಅಭ್ಯಾಸ. ಇಲ್ಲಿ ಚಪ್ಪಾಳೆ ನಾಲ್ಕು ಬೀಟಿನಲ್ಲಿ 2 ಮತ್ತು 4ರ ಮೇಲೆ ಬೀಳಬೇಕು. ಕಾಲಿಗೆ 1 ಮತ್ತು 3, ಕೈಗೆ 2 ಮತ್ತು 4 ಕೊಟ್ಟು ಒಂದು ಹಾಡು ಪೂರ್ತಿ ನಡೆಸು.

ಹಾಡಿನ ವೇಗ ನೀನು ಅಂದುಕೊಂಡದ್ದಕ್ಕಿಂತ ಮುಖ್ಯ. ಲಿಂಡಿಯ ಮೊದಲ ತರಗತಿಗಳಿಗೆ ನಿಮಿಷಕ್ಕೆ 120ರಿಂದ 135 ಬೀಟಿನ ಹಾಡು ಹುಡುಕು. ನೂರಕ್ಕಿಂತ ಕೆಳಗೆ ಹೋದರೆ ಟ್ರಿಪಲ್ ಎಳೆದಾಡುತ್ತದೆ, ಕಲಿಯುವವರು ಒಂಟಿಕಾಲಲ್ಲಿ ತೂರಾಡುತ್ತ ಕಾಯಬೇಕಾಗುತ್ತದೆ. ಆದ್ದರಿಂದ ಹೊಸಬರಿಗೆ ನಿಧಾನದ ಹಾಡು ಸುಲಭ ಅನ್ನುವುದು ಅರ್ಧ ಸತ್ಯ. 150 ದಾಟಿದರೆ ಟ್ರಿಪಲ್‌ನ ನಡುವಿನ ಹೆಜ್ಜೆಯನ್ನೇ ನುಂಗಿಬಿಡುತ್ತಾರೆ. ಬ್ಲೂಸಿಗೆ 70ರಿಂದ 90 ಹದ. ಲಿಂಡಿಗೆ ಪಿಯಾನೊ ವಾದಕ ಕೌಂಟ್ ಬೇಸಿಯ ಜಾಝ್ ಬ್ಯಾಂಡನ್ನು ಹಾಕು. ಅದರಲ್ಲಿ ನಡುನಡುವೆ ಖಾಲಿ ಜಾಗ ಜಾಸ್ತಿ, ಪಿಯಾನೊ ಒಂದೆರಡು ಸ್ವರ ಇಟ್ಟು ಸುಮ್ಮನಾಗುತ್ತದೆ. ಆ ಸುಮ್ಮನಾದ ಜಾಗವೇ ನಿನ್ನ ಪಾಠ.

ಸ್ವಂತಿಕೆಯ ಮೊದಲ ಗಡಿಗೆ ಶಿಮ್ ಶಾಮ್ ತೆಗೆದುಕೋ. 1920ರ ದಶಕದ ಕೊನೆಯಲ್ಲಿ, ಶೂ ತಟ್ಟಿ ಸದ್ದು ಮಾಡುವ ಟ್ಯಾಪ್ ನೃತ್ಯವಾಗಿ ಹುಟ್ಟಿದ್ದು, ಈಗ ಲಿಂಡಿ ಕುಣಿಯುವ ಕಡೆಯೆಲ್ಲ ಸಾಲಾಗಿ ನಿಂತು ಕುಣಿಯುತ್ತಾರೆ. ನಾಲ್ಕು ಬೀಟಿಗೆ ಒಂದು ಬಾರ್. ಅದರ ಮೊದಲ ಎಂಟು ಬಾರ್‌ಗಳಲ್ಲಿ ಆರು ಬಾರ್ ಒಂದೇ ಹೆಜ್ಜೆ ಮರಳಿ ಮರಳಿ ಬರುತ್ತದೆ, ಕೊನೆಯ ಎರಡು ಬಾರ್ ಬ್ರೇಕ್, ಅಂದರೆ ಆ ಮರಳುವಿಕೆಯನ್ನು ಮುರಿಯುವ ಬೇರೆ ಹೆಜ್ಜೆ. ಮೊದಲು ಎಲ್ಲರಿಗೂ ಒಂದೇ ಬ್ರೇಕ್ ಕಲಿಸು. ಆಮೇಲೆ ಆರು ಬಾರ್ ಎಲ್ಲರೂ ಒಟ್ಟಿಗೆ, ಬ್ರೇಕಿನ ಎಂಟು ಬೀಟು ಅವರವರದು ಅನ್ನು. ನಿಯಮ ಒಂದೇ: ಎಂಟನೇ ಬೀಟಿಗೆ ಕಾಲು ಮುಂದಿನ ಹೆಜ್ಜೆಗೆ ಸಿದ್ಧವಿರಬೇಕು. ಎಂಟು ಬೀಟು ಮೂರ್ನಾಲ್ಕು ಸೆಕೆಂಡಿನಲ್ಲಿ ಮುಗಿಯುವುದರಿಂದ ನಾಚಿಕೊಳ್ಳಲೂ ಪುರುಸೊತ್ತಿರುವುದಿಲ್ಲ. ಏನೂ ತೋಚದವರು ಸುಮ್ಮನೆ ನಿಂತು ಎಂಟಕ್ಕೆ ಚಪ್ಪಾಳೆ ಹೊಡೆದರೂ ಅದು ಬ್ರೇಕೇ.

ಇನ್ನು ಲಿಂಡಿಯ ಮೂಲ ವರಸೆ, ಸ್ವಿಂಗ್ ಔಟ್. ಎಂಟು ಎಣಿಕೆ: 1, 2 ಹೆಜ್ಜೆ, 3-4ಕ್ಕೊಂದು ಟ್ರಿಪಲ್, 5, 6 ಹೆಜ್ಜೆ, 7-8ಕ್ಕೆ ಇನ್ನೊಂದು ಟ್ರಿಪಲ್. ಲೀಡ್ ಮಾಡುವವರು, ಅಂದರೆ ಜೋಡಿಯಲ್ಲಿ ನಡೆಸುವವರು, 1ಕ್ಕೆ ಎಡಗಾಲನ್ನು ಹಿಂದಿಟ್ಟು, 2ಕ್ಕೆ ಎದುರಿನವರು ಬರುವ ದಾರಿಯಿಂದ ಪಕ್ಕಕ್ಕೆ ಸರಿದು, 3-4ರಲ್ಲಿ ಬಲಗೈಯನ್ನು ಅವರ ಬೆನ್ನಿಗೆ ಕೊಡಬೇಕು. ಇಬ್ಬರೂ ಗಡಿಯಾರದ ದಿಕ್ಕಿಗೆ ತಿರುಗುತ್ತಾರೆ. 5ಕ್ಕೆ ದಾರಿ ಬಿಟ್ಟರೆ ಫಾಲೋ ಮಾಡುವವರು, ಅಂದರೆ ಆ ಎದುರಿನವರು, ತಾವು ಬಂದ ಕಡೆಗೇ ಸಾಗಿ, 7-8ಕ್ಕೆ ತೋಳಳತೆ ದೂರದಲ್ಲಿ ನಿಲ್ಲುತ್ತಾರೆ.

ಹೆಚ್ಚಾಗಿ ಕೆಡುವುದು ಎರಡು ಕಡೆ. 1ಕ್ಕೆ ಮೈಯನ್ನು ಹಿಂದೆ ಒಯ್ಯದೆ ಬಾವಿಯ ಹಗ್ಗ ಜಗ್ಗಿದ ಹಾಗೆ ಕೈ ಜಗ್ಗುತ್ತಾರೆ. ಎದುರಿನವರ ಭುಜ ಮುಂದೆ ಬರುತ್ತದೆ, ಕಾಲು ಬರುವುದಿಲ್ಲ, ತರಗತಿ ಮುಗಿಯುವ ಹೊತ್ತಿಗೆ ಭುಜ ನೋವು. ಎರಡು ಬೆರಳಲ್ಲಿ ಮಾತ್ರ ಕೈ ಹಿಡಿಸು. ಜಗ್ಗಿದರೆ ಬೆರಳು ಜಾರುತ್ತದೆ, ಮೈ ಹಿಂದೆ ಹೋದರೆ ಜಾರದೆ ಎಳೆತ ಸಿಗುತ್ತದೆ. ಎರಡನೆಯದು 4ರಲ್ಲಿ. ತಿರುಗಿ ಮುಗಿಯಿತು ಅಂತ ಲೀಡ್ ಅಲ್ಲೇ ನಿಂತುಬಿಟ್ಟರೆ 5ಕ್ಕೆ ಹೊರಡುವವರ ಎದೆಗೇ ಅಡ್ಡ. ತಪ್ಪು 5ರಲ್ಲಿ ಕಾಣುತ್ತದೆ, ಆದರೆ ಕಾರಣ ಯಾವಾಗಲೂ 3-4ರಲ್ಲಿ ಸಾಲದ ತಿರುವು. 5ನ್ನು ತಿದ್ದುತ್ತಾ ಕೂರಬೇಡ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಫಾಲೋ ಮಾಡುವವರನ್ನು ಬರೀ ‘ಕಾಯಿರಿ, ಹಗುರವಾಗಿರಿ’ ಅಂತ ಬೆಳೆಸಬೇಡ. 1-2ರಲ್ಲಿ ಪಾದ ತಿರುಗಿಸಿ ಮಾಡುವ ಸ್ವಿವೆಲ್ ಅವರದು, 7-8ರ ಟ್ರಿಪಲ್ ಅವರದು. ಅಲ್ಲಿ ಟ್ರಿಪಲ್ ಬದಲು ಒದೆತ ಇಡಲಿ, ತಡೆದು ನಿಲ್ಲಲಿ, ಲಯ ಬದಲಿಸಲಿ. ಒಂದು ಹಾಡು ಪೂರ್ತಿ ಲೀಡ್ ಮಾಡುವವರಿಗೆ ಸ್ವಿಂಗ್ ಔಟ್ ಬಿಟ್ಟು ಬೇರೇನೂ ಮಾಡಬಾರದು ಅಂತ ಕಟ್ಟು ಹಾಕು, ಬದಲಾವಣೆಯೆಲ್ಲ ಇನ್ನೊಬ್ಬರಿಂದ ಬರಲಿ. ಲೀಡ್ ಮಾಡುವವರಲ್ಲಿ ಕೆಲವರಿಗೆ ಇದು ಕೈಕಟ್ಟಿದಂತಾಗುತ್ತದೆ. ಆಗಲಿ. ಗಂಡಸರೆಲ್ಲ ಲೀಡ್, ಹೆಂಗಸರೆಲ್ಲ ಫಾಲೋ ಎಂಬ ಲೆಕ್ಕವನ್ನೂ ಬಿಡು, ಯಾರು ಯಾವುದು ಬೇಕೋ ಆರಿಸಿಕೊಳ್ಳಲಿ. ಎರಡು ಮೂರು ನಿಮಿಷಕ್ಕೊಮ್ಮೆ ಜೋಡಿ ಬದಲಿಸು, ಗಂಡ-ಹೆಂಡತಿ ಬಂದಿದ್ದರೂ. ಒಂದೇ ಜೋಡಿ ಉಳಿದರೆ ಒಬ್ಬರ ತಪ್ಪಿಗೆ ಇನ್ನೊಬ್ಬರು ಹೊಂದಿಕೊಂಡು ಇಬ್ಬರಿಗೂ ತಪ್ಪೇ ರೂಢಿಯಾಗುತ್ತದೆ.

ಈಗ ಬ್ಲೂಸು. ಹನ್ನೆರಡು ಬಾರಿನ ಬ್ಲೂಸ್ ಕಟ್ಟನ್ನು ಕಲಿಸದೆ ಬ್ಲೂಸ್ ಕುಣಿತ ಕಲಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹನ್ನೆರಡು ಬಾರ್ ಅಂದರೆ 48 ಬೀಟು, ನಿಮಿಷಕ್ಕೆ 80ರ ವೇಗದಲ್ಲಿ 36 ಸೆಕೆಂಡು. ಅದರಲ್ಲಿ ಮೂರು ಸಾಲು, ಸಾಲಿಗೆ ನಾಲ್ಕು ಬಾರ್. ಹಾಡುವವರು ಒಂದು ಸಾಲು ಹೇಳುತ್ತಾರೆ, ಅದನ್ನೇ ಇನ್ನೊಮ್ಮೆ ಹೇಳುತ್ತಾರೆ, ಮೂರನೆಯದರಲ್ಲಿ ಮಾತು ತಿರುಗಿ ಮುಗಿಯುತ್ತದೆ. ಪ್ರತಿ ಸಾಲಿನಲ್ಲೂ ಹಾಡು ಸುಮಾರು ಎರಡು ಬಾರ್ ಆದಮೇಲೆ ನಿಲ್ಲುತ್ತದೆ, ಉಳಿದೆರಡರಲ್ಲಿ ಗಿಟಾರೋ ಪಿಯಾನೊವೋ ಹಾರ್ಮೋನಿಕವೋ ಉತ್ತರ ಕೊಡುತ್ತದೆ. ಬ್ಲೂಸ್ ಹಾಡುಗಾರರಾದ ಬೆಸ್ಸಿ ಸ್ಮಿತ್ ಕೇಳಿಸು, ಮಡ್ಡಿ ವಾಟರ್ಸ್ ಕೇಳಿಸು. ಕುಣಿಸದೆ, ಕೂರಿಸಿ ಕೇಳಿಸು. ಹಾಡು ಇರುವಾಗ ಬಲಗೈ, ವಾದ್ಯ ಬಂದಾಗ ಎಡಗೈ ಎತ್ತಲಿ.

ಆಮೇಲೆ ಎಬ್ಬಿಸಿ, ಜೋಡಿ ಜೋಡಿಯಾಗಿ ಒಂದು ತೋಳು ದೂರದಲ್ಲಿ, ಮುಟ್ಟದೆ ನಿಲ್ಲಿಸು. ಹಾಡಿನ ಎರಡು ಬಾರ್ ಒಬ್ಬರು ಆಡಲಿ, ವಾದ್ಯದ ಎರಡು ಬಾರ್ ಇನ್ನೊಬ್ಬರು. ಮೊದಲ ಸಾಲಿಗೆ ಒಂದು ಚಲನೆ, ಭುಜ ಇಳಿಸುವುದಾದರೂ ಸರಿ. ಎರಡನೇ ಸಾಲಿಗೆ ಅದೇ ಚಲನೆ, ಒಂದೇ ಒಂದು ಬದಲಾವಣೆ: ಇನ್ನೂ ದೊಡ್ಡದು, ಇನ್ನೂ ಕೆಳಗೆ, ಇಲ್ಲವೇ ಅರ್ಧ ಬೀಟು ತಡ. ಮೂರನೇ ಸಾಲಿಗೆ ಬೇರೆಯದು. ಎರಡನೇ ಸಾಲಿಗೇ ಹೊಸದು ಹುಡುಕಲು ಹೋಗುವವರೇ ಹೆಚ್ಚು, ಅಲ್ಲಿ ತಡೆ. ಅದೇ ಭುಜ ಎರಡನೇ ಸಲ ತಡವಾಗಿ ಇಳಿದಾಗ ನೋಡುವವರಿಗೆ ಅದರಲ್ಲಿ ಮಾತು ಕೇಳಿಸುತ್ತದೆ. ಮೊದಲ ಸಲ ಅದು ಬರೀ ಭುಜ. ಭಾವ ತರಿಸಲು ‘ಕಣ್ಣು ಮುಚ್ಚಿ, ನೋವು ನೆನೆಸಿಕೊಳ್ಳಿ’ ಅನ್ನುವ ಮೇಷ್ಟ್ರುಗಳಿದ್ದಾರೆ. ನೀನು ಹಾಗೆ ಮಾಡಬೇಡ ಮಾರಾಯ, ಮುಖ ಹಿಂಡಿಕೊಳ್ಳುವುದೊಂದು ಬಿಟ್ಟು ಅದರಿಂದ ಏನೂ ಬರುವುದಿಲ್ಲ. ಬ್ಲೂಸಿನಲ್ಲಿ ತಮಾಷೆ, ಕೆಣಕಾಟ, ಜಂಬ ಎಲ್ಲವೂ ಇದೆ.

ಮುಟ್ಟಿ ಕುಣಿಯುವ ವಿಷಯ ಮೊದಲೇ ಬಾಯಿಬಿಟ್ಟು ಹೇಳು. ಮೂರು ದೂರ ತೋರಿಸು: ಕೈ ಮಾತ್ರ, ತೋಳಿನ ಚೌಕಟ್ಟು, ಹತ್ತಿರದ ಅಪ್ಪುಗೆ. ಮೂರರಲ್ಲೂ ಒಂದೇ ಹೆಜ್ಜೆ ಹಾಕಿಸು, ಹತ್ತಿರವಾದಷ್ಟೂ ಒಳ್ಳೆಯ ಬ್ಲೂಸ್ ಅನ್ನುವ ಭ್ರಮೆ ಹೋಗುತ್ತದೆ. ದೂರ ಎಷ್ಟು ಅಂತ ತೀರ್ಮಾನಿಸುವುದು ಇಬ್ಬರಲ್ಲಿ ಹೆಚ್ಚು ದೂರ ಬಯಸುವವರು. ‘ಬೇಡ’ ಅಂದರೆ ಕಾರಣ ಕೇಳುವಂತಿಲ್ಲ.

ಇದು ಯಾರ ಕುಣಿತ ಅಂತಲೂ ಹೇಳಬೇಕು, ಆದರೆ ಭಾಷಣ ಬೇಡ, ಹೆಜ್ಜೆಯ ಜೊತೆಗೇ ಬರಲಿ. ಅಮೆರಿಕದ ಕರಿಯ ಜನ ದಕ್ಷಿಣದ ಜೂಕ್ ಜಾಯಿಂಟುಗಳಲ್ಲಿ, ಅಂದರೆ ಕುಡಿದು ಕುಣಿಯುವ ಸಣ್ಣ ತಾಣಗಳಲ್ಲಿ, ನ್ಯೂಯಾರ್ಕಿನ ಹಾರ್ಲೆಮ್ಮಿನ ಮನೆಗಳಲ್ಲಿ, ಕುಣಿತದ ಹಾಲ್‌ಗಳಲ್ಲಿ ಬೆಳೆಸಿದ್ದು ಇದು. 1926ರಲ್ಲಿ ಹಾರ್ಲೆಮ್ಮಿನ ಲೆನಾಕ್ಸ್ ಅವೆನ್ಯೂದಲ್ಲಿ ತೆರೆದ ಸವಾಯ್ ಬಾಲ್‌ರೂಮಿನಲ್ಲಿ ಕರಿಯರು ಬಿಳಿಯರು ಒಂದೇ ನೆಲದ ಮೇಲೆ ಕುಣಿದರು, ಅದೂ ದೇಶದ ಬಹುಪಾಲು ಕಡೆ ಅದು ಸಾಧ್ಯವಿಲ್ಲದ ಕಾಲದಲ್ಲಿ. 1958ರಲ್ಲಿ ಅದು ಮುಚ್ಚಿತು. ಶಾರ್ಟಿ ಜಾರ್ಜ್ ಹೆಜ್ಜೆ ಕಲಿಸುವಾಗ ಸವಾಯ್‌ನಲ್ಲಿ ಕುಣಿಯುತ್ತಿದ್ದ, ಗಿಡ್ಡಗಿದ್ದ ಜಾರ್ಜ್ ಸ್ನೋಡನ್ ಬಗ್ಗೆ ಹೇಳು: ಮಂಡಿ ಮಡಚಿ ಇನ್ನೂ ಗಿಡ್ಡವಾಗಿ ನಡೆದ ಅವನ ನಡಿಗೆಯೇ ಅವನ ಹೆಸರಿನ ಹೆಜ್ಜೆಯಾಯಿತು. ನೆಟ್ಟಗೆ ನಿಂತು ಕುಣಿಯುತ್ತಿದ್ದ ಲಿಂಡಿಯನ್ನು ಮುಂದಕ್ಕೆ ಬಾಗಿಸಿ ಓಟದ ಭಂಗಿಗೆ ತಂದವರು ಸವಾಯ್‌ನ ಇನ್ನೊಬ್ಬ ಕುಣಿತಗಾರ ಫ್ರಾಂಕಿ ಮ್ಯಾನಿಂಗ್. ನಡುವೆ ದಶಕಗಳ ಕಾಲ ಅಂಚೆ ಕಚೇರಿಯಲ್ಲಿ ದುಡಿದು, 1980ರ ದಶಕದಲ್ಲಿ ಮತ್ತೆ ಕಲಿಸಲು ಶುರುಮಾಡಿ, 2009ರಲ್ಲಿ ತೀರಿಕೊಳ್ಳುವವರೆಗೂ ಕಲಿಸಿದರು. ‘ನನ್ನ ಮೈ ಕುಣಿತಕ್ಕೆ ಹೇಳಿದ್ದಲ್ಲ’ ಅನ್ನುವವರು ತರಗತಿಯಲ್ಲಿ ಒಬ್ಬರಾದರೂ ಇರುತ್ತಾರಲ್ಲ, ಸ್ನೋಡನ್ ಕತೆ ಅವರ ಎದುರಿಗೆ ಹೇಳು.

ಎತ್ತಿ ಎಸೆಯುವ ಏರಿಯಲ್ ಕಲಿಸಿ ಅಂತ ಕೇಳುವವರು ಬಂದೇ ಬರುತ್ತಾರೆ. ಮ್ಯಾನಿಂಗ್ 1935ರಲ್ಲಿ ಸವಾಯ್‌ನ ಸ್ಪರ್ಧೆಗೆ ತಂದದ್ದು ಸಂಗಾತಿಯ ಜೊತೆ ಮೊದಲೇ ತಾಲೀಮು ಮಾಡಿದ್ದು. ಮ್ಯಾಟ್ ಇಲ್ಲ, ಹಿಡಿಯಲು ಜನ ಇಲ್ಲ ಅಂದರೆ ಬೇಡವೇ ಬೇಡ. ನಾಲ್ಕಾರು ಜೋಡಿ ಕುಣಿಯುವ ನೆಲದಲ್ಲಂತೂ ಯಾವತ್ತೂ ಕೂಡದು.

ನೀನು ತರಗತಿಗೆ ಹಿಡಿದಿರುವ ಹಾಲ್‌ನ ನೆಲ ಕಾಂಕ್ರೀಟಿನ ಮೇಲೆ ಹಾಕಿದ ಟೈಲ್ಸ್ ಅಂದಿದ್ದೆ. ಅದು ಮರದ ನೆಲದ ಹಾಗೆ ತುಸುವೂ ಬಾಗುವುದಿಲ್ಲ, ಹಾರುವ ಚಾರ್ಲ್‌ಸ್ಟನ್ ಒದೆತಗಳನ್ನು ಗಂಟೆಗಟ್ಟಲೆ ಮಾಡಿಸಿದರೆ ಮೊಣಕಾಲ ಕೆಳಗಿನ ಮೂಳೆ ನೋಯುತ್ತದೆ. ಹತ್ತು ನಿಮಿಷಕ್ಕಿಂತ ಹೆಚ್ಚು ಒಟ್ಟಿಗೆ ಬೇಡ. ಜಾಗಿಂಗ್ ಶೂ ಹಾಕಿಕೊಂಡು ಸ್ವಿವೆಲ್ ಮಾಡಿದರೆ ರಬ್ಬರ್ ನೆಲ ಕಚ್ಚಿಕೊಳ್ಳುತ್ತದೆ, ಪಾದ ನಿಲ್ಲುತ್ತದೆ, ಮಂಡಿ ತಿರುಗುತ್ತದೆ. ಬರೀ ಸಾಕ್ಸ್ ಹಾಕಿದರೆ ಜಾರಿ ಬೀಳುತ್ತಾರೆ. ಚರ್ಮದ ಅಟ್ಟೆಯ ಹಳೇ ಶೂ ಇದ್ದರೆ ತರಲಿ. ಇಲ್ಲದಿದ್ದರೆ ಹಳೇ ಕ್ಯಾನ್ವಾಸ್ ಶೂಗೆ ಚಮ್ಮಾರರ ಹತ್ತಿರ ಸ್ವೀಡ್ ಚರ್ಮ ಅಂಟಿಸಿ ಹೊಲಿಸಿಕೊಳ್ಳಬಹುದು, ಬರೀ ಅಂಟಿಸಿದ್ದು ಬೆವರಿಗೆ ಬಿಟ್ಟುಕೊಳ್ಳುತ್ತದೆ. ನೆಲ ಒರೆಸಿದ ಮೇಲೆ ಪೂರ್ತಿ ಒಣಗಿದೆಯೇ ಅಂತ ತರಗತಿಗೆ ಮೊದಲು ನೀನೇ ಒಮ್ಮೆ ಕಾಲೆಳೆದು ನೋಡಿಕೋ.

ಇಂತಿ,
ನಿನ್ನ ಗೆಳೆಯ