ಅಣ್ಣಂದಿರ ರ‍್ಯಾಂಕಿಂಗ್ ನೋಡಿ ತಮ್ಮಂದಿರನ್ನು ಅಳೆಯಬೇಡಿ: ಕೇಂದ್ರ ಕ್ರೀಡಾ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕ್ರೀಡಾ ಸಚಿವರೇ,

ನಮಸ್ಕಾರ. ನಾನು ಬೆಂಗಳೂರಿನವನು. ಕೆಲಸ ಮುಗಿಸಿಕೊಂಡು ಸಂಜೆ ಹೊತ್ತು ನಮ್ಮ ಏರಿಯಾದ ಮೈದಾನದಲ್ಲಿ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತೇನೆ. ನನ್ನ ಮಗನೂ ಅದೇ ಮೈದಾನದಲ್ಲಿ ಆಡಿ ಬೆಳೆದವನು. ನಮ್ಮ ಕಿರಿಯರ ರಾಷ್ಟ್ರೀಯ ತಂಡಗಳನ್ನು ನಡೆಸಿಕೊಳ್ಳುವ ರೀತಿ ನೋಡಿ ವರ್ಷಗಟ್ಟಲೆ ಹೊಟ್ಟೆ ಉರಿದುಕೊಂಡಿದ್ದೇನೆ. ಬರೆಯಬೇಕು ಅಂದುಕೊಳ್ಳುವುದು, ಬರೆದು ಏನು ಪ್ರಯೋಜನ ಅಂತ ಬಿಡುವುದು, ಹೀಗೇ ಆಗುತ್ತಿತ್ತು. 2025ರ ನವೆಂಬರ್ ತಿಂಗಳು ನೋಡಿದ ಮೇಲೆ ಸುಮ್ನಿರಲು ಆಗಲಿಲ್ಲ.

ಆ ತಿಂಗಳ 18ಕ್ಕೆ ಢಾಕಾದಲ್ಲಿ ನಮ್ಮ ಹಿರಿಯರ ತಂಡ ಬಾಂಗ್ಲಾದೇಶಕ್ಕೆ 0-1ರಲ್ಲಿ ಸೋತಿತು. ಅಷ್ಟರಲ್ಲಾಗಲೇ ಏಷ್ಯನ್ ಕಪ್‌ನ ಬಾಗಿಲು ಮುಚ್ಚಿತ್ತು. ಅದೇ ತಿಂಗಳ 30ಕ್ಕೆ ಅಹಮದಾಬಾದಿನಲ್ಲಿ 17 ವರ್ಷದೊಳಗಿನ ಹುಡುಗರು ಇರಾನ್ ಎದುರು ಆಡಿದರು. ಮೊದಲ ಗೋಲು ಇರಾನ್‌ನದ್ದು. ಆದರೂ ಹುಡುಗರು ಎದೆಗುಂದಲಿಲ್ಲ. 2-1ರಲ್ಲಿ ಗೆದ್ದು ತಮ್ಮ ವಯಸ್ಸಿನವರ ಏಷ್ಯನ್ ಕಪ್‌ಗೆ ಅರ್ಹತೆ ಪಡೆದರು. ಒಂದೇ ದೇಶ, ಒಂದೇ ಫುಟ್‌ಬಾಲ್ ಫೆಡರೇಷನ್, ಒಂದೇ ತಿಂಗಳು. ಆದರೆ ಫಿಫಾ ರ‍್ಯಾಂಕಿಂಗ್ ಪಟ್ಟಿಯಲ್ಲಿ ಕಾಣುವುದು ಢಾಕಾದ ಸೋಲು ಮಾತ್ರ. ಅಹಮದಾಬಾದಿನ ಗೆಲುವಿಗೆ ಅಲ್ಲಿ ಜಾಗವೇ ಇಲ್ಲ.

ನಾನು ಕೇಳುವುದು ಇಷ್ಟೇ. ಏಷ್ಯನ್ ಗೇಮ್ಸ್‌ನಂಥ ಕೂಟಕ್ಕೆ ಕಿರಿಯರ ತಂಡವನ್ನು ಕಳಿಸಬೇಕಾ ಬೇಡವಾ ಅಂತ ತೀರ್ಮಾನ ಮಾಡುವಾಗ ಕಿರಿಯರು ಆಡಿದ ಆಟ ನೋಡಿ. ಮತ್ತು ಆ ತೀರ್ಮಾನವನ್ನು ಆರು ತಿಂಗಳು ಮೊದಲೇ ಹೇಳಿ.

ನಿಯಮ ನಿಮಗೆ ಗೊತ್ತೇ ಇದೆ, ನಾನು ಹೇಳಿಕೊಡಬೇಕಾಗಿಲ್ಲ. 2023ರಲ್ಲಿ ಚೀನಾದ ಹ್ಯಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ಗೆ ನಿಮ್ಮ ಇಲಾಖೆ ಇಟ್ಟ ಷರತ್ತು ಏನು? ತಂಡದ ಆಟವಾದರೆ, ಹಿಂದಿನ ಒಂದು ವರ್ಷದಲ್ಲಿ ಏಷ್ಯಾದ ಮೊದಲ ಎಂಟರೊಳಗೆ ಇರಬೇಕು. ಫುಟ್‌ಬಾಲಿನಲ್ಲಿ ಆ ಸ್ಥಾನ ಬರುವುದು ಹಿರಿಯರ ತಂಡದ ರ‍್ಯಾಂಕಿಂಗ್‌ನಿಂದ. ಆಗ ನಾವು ಏಷ್ಯಾದಲ್ಲಿ 18ನೆಯವರು. ಆದರೆ ಏಷ್ಯನ್ ಗೇಮ್ಸ್‌ನಲ್ಲಿ ಗಂಡಸರ ಫುಟ್‌ಬಾಲ್ 2002ರಿಂದಲೂ 23 ವರ್ಷದೊಳಗಿನವರ ಟೂರ್ನಿ. ಮೂವರು ಹಿರಿಯರಿಗೆ ಮಾತ್ರ ಅವಕಾಶ. ಹ್ಯಾಂಗ್‌ಝೌ ಕೂಟ ಒಂದು ವರ್ಷ ಮುಂದಕ್ಕೆ ಹೋಗಿದ್ದರಿಂದ ವಯಸ್ಸಿನಲ್ಲಿ ಒಂದು ವರ್ಷ ಸಡಿಲ ಬಿಟ್ಟಿದ್ದರು, ಅಷ್ಟೇ. ಅಂದರೆ ಅಲ್ಲಿಗೆ ಹೋಗುವ ಹುಡುಗರಲ್ಲಿ ಹೆಚ್ಚಿನವರಿಗೂ ಆ 18ನೇ ಸ್ಥಾನಕ್ಕೂ ಸಂಬಂಧವೇ ಇರಲಿಲ್ಲ. ಅಣ್ಣ ಫೇಲಾದ ಅಂತ ತಮ್ಮನಿಗೆ ಹಾಲ್ ಟಿಕೆಟ್ ಕೊಡದ ಹಾಗಾಯಿತು ಇದು.

ಇದು ಮೊದಲ ಸಲ ಆಗಿದ್ದೂ ಅಲ್ಲ. 2018ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ಗೆ ತಂಡ ಹೋಗಲೇ ಇಲ್ಲ. ಆ ಸಲ ತಡೆದದ್ದು ಭಾರತೀಯ ಒಲಿಂಪಿಕ್ ಸಂಸ್ಥೆ. ಕಾರಣ ಮಾತ್ರ ಅದೇ, ಮೊದಲ ಎಂಟರೊಳಗೆ ಇಲ್ಲ. ನಾವು ಎರಡು ಸಲ ಚಿನ್ನ ಗೆದ್ದ ಕೂಟ ಅದು, 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಅದೇ ಜಕಾರ್ತಾದಲ್ಲಿ. ಹಳೆಯ ಚಿನ್ನ ತೋರಿಸಿ ಇವತ್ತು ಸೀಟು ಕೇಳುತ್ತಿಲ್ಲ, ಅದು ಬೇಡ. ಆದರೆ 2018ರ ಆಗಸ್ಟ್ ತಿಂಗಳಲ್ಲಿ ನಮ್ಮ ಹುಡುಗರು ಏನು ಮಾಡಿದರು ಅಂತ ನೆನಪಿದೆಯಾ? ಸ್ಪೇನ್‌ನಲ್ಲಿ ನಡೆದ ಕೋಟಿಫ್ ಕಪ್‌ನಲ್ಲಿ 20 ವರ್ಷದೊಳಗಿನವರು ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿದರು. ಅದೂ ಎರಡನೇ ಅರ್ಧದಲ್ಲಿ ಹತ್ತೇ ಜನ ಉಳಿದು. ಅನ್ವರ್ ಅಲಿ ಹೊಡೆದ ಆ ಫ್ರೀಕಿಕ್ಕನ್ನು ನಮ್ಮ ಮೈದಾನದ ಹುಡುಗರು ಮೊಬೈಲಿನಲ್ಲಿ ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ. ಅದೇ ದಿನಗಳಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ 16 ವರ್ಷದೊಳಗಿನವರು ಇರಾಕ್ ತಂಡವನ್ನು 1-0ರಿಂದ ಸೋಲಿಸಿದರು. ಆ ವಯಸ್ಸಿನವರಲ್ಲಿ ಇರಾಕ್ ಆಗ ಏಷ್ಯಾ ಚಾಂಪಿಯನ್. ಇಷ್ಟೆಲ್ಲ ಆದ ಎರಡು ವಾರದೊಳಗೆ ಜಕಾರ್ತಾದಲ್ಲಿ ಏಷ್ಯನ್ ಗೇಮ್ಸ್ ಶುರುವಾಯಿತು. ನಮ್ಮವರು ಮನೆಯಲ್ಲಿ ಕೂತು ಟಿವಿ ನೋಡಿದರು.

2023ಕ್ಕೆ ಬರುತ್ತೇನೆ. ನನ್ನ ಸಿಟ್ಟೆಲ್ಲ ಇರುವುದು ಅಲ್ಲೇ.

ಕೂಟದ ದಿನಾಂಕ 2022ರ ಜುಲೈನಲ್ಲೇ ಗೊತ್ತಾಗಿತ್ತು. ಪೂರ್ತಿ ಒಂದು ವರ್ಷ ಕೈಯಲ್ಲಿತ್ತು. ಆದರೆ ಫುಟ್‌ಬಾಲ್ ತಂಡ ಹೋಗಬಹುದು, ನಿಯಮ ಸಡಿಲಿಸಿದ್ದೇವೆ ಅಂತ ಇಲಾಖೆ ಹೇಳಿದ್ದು 2023ರ ಜುಲೈ 26ಕ್ಕೆ. ಮೊದಲ ಪಂದ್ಯ ಸೆಪ್ಟೆಂಬರ್ 19ಕ್ಕೆ. ನಡುವೆ ಉಳಿದದ್ದು ಎರಡು ತಿಂಗಳೂ ಇಲ್ಲ. ನಮ್ಮ ಕ್ಲಬ್‌ಗಳ ಲೀಗ್ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾಗುವುದು ಸೆಪ್ಟೆಂಬರ್ 21ಕ್ಕೆ. ಏಷ್ಯನ್ ಗೇಮ್ಸ್ ಫಿಫಾ ವಿಂಡೋದಲ್ಲಿ, ಅಂದರೆ ರಾಷ್ಟ್ರೀಯ ತಂಡಗಳ ಪಂದ್ಯಕ್ಕೆ ಅಂತ ಫಿಫಾ ಗೊತ್ತು ಮಾಡಿದ ದಿನಗಳಲ್ಲಿ, ಬರುವುದಿಲ್ಲ, ಹಾಗಾಗಿ ಆಟಗಾರರನ್ನು ಬಿಡಲೇಬೇಕು ಅಂತ ಕ್ಲಬ್‌ಗಳ ಮೇಲೆ ಕಡ್ಡಾಯವೂ ಇಲ್ಲ. ಕ್ಲಬ್‌ಗಳು ಬಿಡಲು ಒಪ್ಪಲಿಲ್ಲ. ಮೊದಲು ಪ್ರಕಟವಾದ ತಂಡ ಒಂದು, ಕೊನೆಗೆ ವಿಮಾನ ಹತ್ತಿದ ತಂಡ ಇನ್ನೊಂದು. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತಾರಲ್ಲ, ಇವರಿಗೆ ಆ ಶಸ್ತ್ರಾಭ್ಯಾಸಕ್ಕೂ ಸಮಯ ಸಿಗಲಿಲ್ಲ. ಚೀನಾದಲ್ಲಿ ಇಳಿದದ್ದು ಪಂದ್ಯದ ಹಿಂದಿನ ದಿನ ಸಂಜೆ. ಒಟ್ಟಿಗೆ ಒಂದು ಪ್ರಾಕ್ಟೀಸ್ ಕೂಡ ಇಲ್ಲ. ಮರುದಿನ ಸಂಜೆ ಆತಿಥೇಯ ಚೀನಾ ಎದುರಿಗೆ ನಿಂತರು.

ಆ ಮೊದಲ ಅರ್ಧವನ್ನು ನೀವು ನೋಡಿದ್ದೀರಾ ಸಚಿವರೇ? ನೋಡಿಲ್ಲದಿದ್ದರೆ ದಯವಿಟ್ಟು ಒಮ್ಮೆ ನೋಡಿ. ಚೀನಾ ಮೊದಲು ಗೋಲು ಹೊಡೆಯಿತು. ಆಮೇಲೆ ಅವರಿಗೆ ಪೆನಾಲ್ಟಿಯೂ ಸಿಕ್ಕಿತು. ಗೋಲ್‌ಕೀಪರ್ ಗುರ್ಮೀತ್ ಸಿಂಗ್ ಅದನ್ನು ತಡೆದ. ಅರ್ಧ ಮುಗಿಯುವ ಹೊತ್ತಿಗೆ ರಾಹುಲ್ ಕೆ.ಪಿ. ಬಲಗಡೆಯಿಂದ ಓಡಿ, ಗೋಲ್‌ಪೋಸ್ಟಿನ ಪಕ್ಕದ ಸಣ್ಣ ಜಾಗದಿಂದಲೇ ಚೆಂಡನ್ನು ಬಲೆಗೆ ಹೊಡೆದ. 1-1. ಹಿಂದಿನ ಸಂಜೆ ವಿಮಾನ ಇಳಿದ ಹುಡುಗರು! ಎರಡನೇ ಅರ್ಧದಲ್ಲಿ ಕಾಲುಗಳು ಮಾತು ಕೇಳಲಿಲ್ಲ. ನಾಲ್ಕು ಗೋಲು ಬಿದ್ದವು. 5-1. ಮರುದಿನ ಪೇಪರಿನಲ್ಲಿ ಉಳಿದದ್ದು ಆ 5-1 ಮಾತ್ರ. ಮುಂದಿನ ಸಲ ಯಾರಾದರೂ ಅಧಿಕಾರಿ ಫೈಲು ತೆರೆದರೆ ಅವರ ಕಣ್ಣಿಗೆ ಬೀಳುವುದೂ ಅದೇ, ಅಲ್ವಾ? ಇವರನ್ನು ಕಳಿಸಿ ಏನು ಬಂತು ಅಂತ ಕೇಳುತ್ತಾರೆ.

ಆಮೇಲೆ ಅದೇ ತಂಡ ಬಾಂಗ್ಲಾದೇಶವನ್ನು 1-0ರಿಂದ ಸೋಲಿಸಿತು, ಮ್ಯಾನ್ಮಾರ್ ಜೊತೆ 1-1 ಡ್ರಾ ಮಾಡಿಕೊಂಡಿತು, ಮುಂದಿನ ಸುತ್ತಿಗೆ ಹೋಗಿ ಸೌದಿ ಅರೇಬಿಯಾಕ್ಕೆ 0-2ರಲ್ಲಿ ಸೋತು ವಾಪಸ್ ಬಂತು. 39 ವರ್ಷದ ಸುನಿಲ್ ಛೆಟ್ರಿ ಈ ಮಕ್ಕಳ ಜೊತೆ ಓಡಬೇಕಾಯಿತು. ಅವರ ಬಗ್ಗೆ ನನಗೆ ಗೌರವ ಜಾಸ್ತಿ ಆಯಿತು. ಆ ಪರಿಸ್ಥಿತಿ ತಂದಿಟ್ಟವರ ಬಗ್ಗೆ ಗೌರವ ಉಳಿದಿಲ್ಲ.

ನನಗೆ ಇದು ಇಷ್ಟು ಯಾಕೆ ಚುಚ್ಚುತ್ತದೆ ಅಂದರೆ, ಇದನ್ನೇ ಕೆಳಗಿನ ಹಂತದಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಮಗ ಒಂದು ವರ್ಷ 17ರೊಳಗಿನ ತಂಡವೊಂದಕ್ಕೆ ಆಯ್ಕೆಯಾಗಿದ್ದ. ಯಾವ ಸಂಸ್ಥೆ, ಯಾವ ಟೂರ್ನಿ ಅಂತ ಹೇಳುವುದಿಲ್ಲ. ಹೇಳಿದರೆ ಈಗ ಅಲ್ಲಿ ಆಡುತ್ತಿರುವ ಹುಡುಗರಿಗೆ ತೊಂದರೆ. ಟ್ರಯಲ್ಸ್ ಮುಗಿದು ಎಷ್ಟೋ ದಿನ ಪಟ್ಟಿ ಬರಲಿಲ್ಲ. ಕೇಳಿದರೆ ಮೇಲಿನಿಂದ ಒಪ್ಪಿಗೆ ಬಂದಿಲ್ಲ ಅನ್ನುತ್ತಿದ್ದರು. ಪಟ್ಟಿ ಬಂದ ಮಾರನೇ ದಿನವೇ ರೈಲು. ಅಷ್ಟರಲ್ಲಿ ಯಾರಿಗೆ ಸೀಟು ಸಿಗುತ್ತದೆ? ಎಲ್ಲರದ್ದೂ ವೇಟಿಂಗ್ ಲಿಸ್ಟ್. ಹುಡುಗರು ಜನರಲ್ ಬೋಗಿ ಹತ್ತಿದರು. ಜೊತೆಗೆ ಬರಲು ಮ್ಯಾನೇಜರ್ ಇಲ್ಲ ಅಂದಾಗ, ಸಂಬಳ ಕಟ್ಟಾದರೂ ಪರವಾಗಿಲ್ಲ ಅಂತ ರಜಾ ಹಾಕಿ ನಾನೇ ಹೋದೆ.

ಶೌಚಾಲಯದ ಪಕ್ಕದ ದಾರಿಯಲ್ಲಿ ಕಿಟ್ ಬ್ಯಾಗುಗಳ ಮೇಲೆ ಕೂತು ಅವರು ರಾತ್ರಿ ಕಳೆದರು. ಒಬ್ಬ ನಿದ್ದೆ ಮಾಡಲಿ ಅಂತ ಇನ್ನೊಬ್ಬ ಎದ್ದು ನಿಲ್ಲುತ್ತಿದ್ದ. ಊಟಕ್ಕೆ ಅಂತ ಅಪ್ಪ ಅಮ್ಮಂದಿರು ಸೇರಿಸಿ ಕೊಟ್ಟ ದುಡ್ಡು ದಾರಿಯಲ್ಲೇ ಮುಗಿಯುತ್ತಾ ಬಂತು. ಬೆಳಗ್ಗೆ ಇಳಿದೆವು, ಮಧ್ಯಾಹ್ನ ಪಂದ್ಯ. ಕೂತು ಕೂತು ಕಾಲು ಊದಿಕೊಂಡು ನನ್ನ ಮಗನ ಬೂಟು ಹತ್ತುತ್ತಿರಲಿಲ್ಲ. ಲೇಸು ಪೂರ್ತಿ ಬಿಚ್ಚಿ, ನಾಲಿಗೆ ಎಳೆದು, ನಾನು ಮಂಡಿ ಊರಿ ಹಿಮ್ಮಡಿ ಒತ್ತಿ ಹಾಕಿಸಿದೆ. ಎರಡನೇ ಅರ್ಧದಲ್ಲಿ ಹುಡುಗರಿಗೆ ಒಬ್ಬರಾದ ಮೇಲೆ ಒಬ್ಬರಿಗೆ ಮೀನಖಂಡ ಹಿಡಿದುಕೊಂಡಿತು. ಸೋತರು. ವಾಪಸ್ ಬಂದ ಮೇಲೆ ಸಂಸ್ಥೆಯವರು ಒಂದೇ ಮಾತು ಹೇಳಿದರು: ಹುಡುಗರಿಗೆ ಸ್ಟ್ಯಾಮಿನಾ ಇಲ್ಲ. ಆ ತಂಡದ ಲೆಫ್ಟ್ ಬ್ಯಾಕ್, ನಾನು ಕಂಡ ಒಳ್ಳೆಯ ಆಟಗಾರರಲ್ಲಿ ಒಬ್ಬ, ಆ ಮಾತು ಕೇಳಿದ ಮೇಲೆ ಮೈದಾನಕ್ಕೆ ಬರುವುದನ್ನೇ ಬಿಟ್ಟ. ಮನೆಗೆ ಹೋಗಿ ಕರೆದೆ. ಬರಲಿಲ್ಲ.

ಅದಕ್ಕೇ ಹ್ಯಾಂಗ್‌ಝೌ ಪಂದ್ಯ ನೋಡುವಾಗ ನನಗೆ ಅದು ಬರೀ ಟಿವಿಯ ಆಟ ಆಗಿರಲಿಲ್ಲ. ಇಲ್ಲಿ ರೈಲು, ಅಲ್ಲಿ ವಿಮಾನ. ಉಳಿದದ್ದೆಲ್ಲ ಒಂದೇ. ಮೇಲಿನವರು ತಡವಾಗಿ ತೀರ್ಮಾನ ಮಾಡುತ್ತಾರೆ, ಅದರ ಸಾಲ ತೀರಿಸುವುದು ಹುಡುಗರ ಕಾಲು.

ಹುಡುಗರಿಗೆ ಸಮಯ ಕೊಟ್ಟರೆ ಏನಾಗುತ್ತದೆ ಅಂತ ದೇಶ ನೋಡಿದೆ. 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಮ್ಮಲ್ಲೇ ನಡೆಯಿತು. ಆ ತಂಡವನ್ನು ಮುಂಚಿನಿಂದಲೇ ಒಟ್ಟಿಗೆ ಇಟ್ಟು, ಹೊರದೇಶಗಳಲ್ಲಿ ಆಡಿಸಿ ತಯಾರು ಮಾಡಿದ್ದರು. ಮೂರೂ ಪಂದ್ಯ ಸೋತರು, ನಿಜ. ಅಮೆರಿಕಕ್ಕೆ 0-3, ಕೊಲಂಬಿಯಾಕ್ಕೆ 1-2, ಘಾನಾಕ್ಕೆ 0-4. ಆದರೆ ಅಕ್ಟೋಬರ್ 9ರ ರಾತ್ರಿ ದೆಹಲಿಯಲ್ಲಿ ನಮ್ಮ ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಕಾರ್ನರ್ ಹೊಡೆದ, ಮಣಿಪುರದ ಜೀಕ್ಸನ್ ಸಿಂಗ್ ಹಾರಿ ತಲೆ ಕೊಟ್ಟ. ಫಿಫಾ ವಿಶ್ವಕಪ್ ಒಂದರಲ್ಲಿ ಭಾರತದ ಮೊದಲ ಗೋಲು ಅದು. ಜೀಕ್ಸನ್ ಆಮೇಲೆ ಹಿರಿಯರ ತಂಡಕ್ಕೂ ಬಂದ. ಹ್ಯಾಂಗ್‌ಝೌನಲ್ಲಿ ಗೋಲು ಹೊಡೆದ ರಾಹುಲ್ ಕೂಡ ಆ 2017ರ ತಂಡದ ಹುಡುಗನೇ. ಆ ಹುಡುಗರು ಮುಂದೆಯೂ ಒಟ್ಟಿಗೆ ಆಡಲಿ ಅಂತ ಫೆಡರೇಷನ್ ಇಂಡಿಯನ್ ಆ್ಯರೋಸ್ ತಂಡವನ್ನು ಮತ್ತೆ ಕಟ್ಟಿತು. ಒಳ್ಳೆಯ ಕೆಲಸ. 2022ರಲ್ಲಿ ಅದನ್ನೂ ಮುಚ್ಚಿದರು.

2025ರ ಸೆಪ್ಟೆಂಬರ್‌ನಲ್ಲಿ 23ರೊಳಗಿನವರು ಕತಾರ್‌ಗೆ ಅರ್ಹತಾ ಪಂದ್ಯ ಆಡಲು ಹೋದರು. ಈ ಸಲ ಮೊದಲೇ ಕ್ಯಾಂಪ್ ಮಾಡಿದ್ದರು. ಬಹ್ರೇನ್ ತಂಡವನ್ನು 2-0ರಿಂದ ಸೋಲಿಸಿದರು, ಕತಾರ್‌ಗೆ 1-2ರಲ್ಲಿ ಸೋತರು, ಬ್ರೂನೈಗೆ ಆರು ಗೋಲು ಹೊಡೆದರು. ಸ್ವಲ್ಪದರಲ್ಲಿ ಏಷ್ಯನ್ ಕಪ್ ತಪ್ಪಿತು. ಬೇಜಾರಾಯಿತು, ಆದರೆ ನಾಚಿಕೆ ಆಗಲಿಲ್ಲ. ತಯಾರಿ ಮಾಡಿ ಸೋಲುವುದಕ್ಕೂ ಏರ್‌ಪೋರ್ಟಿನಿಂದ ನೇರ ಮೈದಾನಕ್ಕೆ ಹೋಗಿ ಸೋಲುವುದಕ್ಕೂ ಇರುವ ವ್ಯತ್ಯಾಸ ಆಟ ಆಡಿದವರಿಗೆ ಗೊತ್ತು.

ಹೆಣ್ಣುಮಕ್ಕಳ ವಿಷಯ ಒಂದೆರಡು ಮಾತಿನಲ್ಲಿ ಮುಗಿಯುವುದಿಲ್ಲ, ಅದಕ್ಕೆ ಬೇರೆ ಪತ್ರವೇ ಬೇಕು. ಆದರೂ ಇದೊಂದು ಹೇಳುತ್ತೇನೆ. 2025ರ ಆಗಸ್ಟ್‌ನಲ್ಲಿ 20ರೊಳಗಿನ ಹುಡುಗಿಯರು ಮ್ಯಾನ್ಮಾರ್ ತಂಡವನ್ನು ಅವರ ನೆಲದಲ್ಲೇ ಸೋಲಿಸಿ, 20 ವರ್ಷದ ನಂತರ ಏಷ್ಯನ್ ಕಪ್‌ಗೆ ಅರ್ಹತೆ ಪಡೆದರು. ಇವರನ್ನೂ ಅಕ್ಕಂದಿರ ಪಟ್ಟಿ ಇಟ್ಟುಕೊಂಡು ಅಳೆಯಬೇಡಿ.

ದುಡ್ಡು ಸೀಮಿತ, ಪದಕದ ಆಸೆ ಇಲ್ಲದ ತಂಡಗಳನ್ನೆಲ್ಲ ಕಳಿಸಲು ಆಗುವುದಿಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಸರಿ, ಅಳತೆ ಇರಲಿ. ಅಳತೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಸರಿಯಾದ ಅಳತೆ ಇಡಿ ಅನ್ನುತ್ತಿದ್ದೇನೆ. 23ರೊಳಗಿನ ತಂಡಕ್ಕೆ 23ರೊಳಗಿನವರ ಅರ್ಹತಾ ಪಂದ್ಯಗಳಿವೆ, ಫಲಿತಾಂಶಗಳಿವೆ. ಅದನ್ನು ನೋಡಿ ಬೇಡ ಅಂದರೆ ನಾವು ಒಪ್ಪುತ್ತೇವೆ, ಹುಡುಗರೂ ಒಪ್ಪುತ್ತಾರೆ. ತಾವು ಆಡದ ಪಂದ್ಯಕ್ಕೆ ತಮ್ಮನ್ನು ಶಿಕ್ಷಿಸುವುದನ್ನು ಯಾರು ಒಪ್ಪುತ್ತಾರೆ?

ಇನ್ನೊಂದು. ಇಲಾಖೆಯವರು ಫೆಡರೇಷನ್ ಕಡೆ ಬೆರಳು ತೋರಿಸುತ್ತಾರೆ, ಫೆಡರೇಷನ್ ಕ್ಲಬ್‌ಗಳ ಕಡೆ, ಕ್ಲಬ್‌ಗಳು ಲೀಗ್ ವೇಳಾಪಟ್ಟಿ ಕಡೆ. ಇವರೆಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ಶಕ್ತಿ ಇರುವುದು ನಿಮಗೆ ಮಾತ್ರ. ಯಾವ ಟೂರ್ನಿಗೆ ಯಾವ ವಯಸ್ಸಿನವರನ್ನು, ಎಷ್ಟು ದಿನ ಮೊದಲು ಬಿಡಬೇಕು ಅನ್ನುವುದನ್ನು ಲೀಗ್ ವೇಳಾಪಟ್ಟಿ ಅಚ್ಚಾಗುವ ಮೊದಲೇ ಬರಹದಲ್ಲಿ ಮಾಡಿಸಿ. ಬಾಯಿಮಾತಿನ ಭರವಸೆ ಬೇಡ. ಅದನ್ನು ಕೇಳಿ ಕೇಳಿ ಸಾಕಾಗಿದೆ.

ಮತ್ತೆ ಹೇಳುತ್ತೇನೆ. ಕಿರಿಯರ ತಂಡಕ್ಕೆ ಕಿರಿಯರ ಫಲಿತಾಂಶವೇ ಅಳತೆ. ಹೌದು ಅನ್ನಿ, ಇಲ್ಲ ಅನ್ನಿ, ಆರು ತಿಂಗಳು ಮೊದಲೇ ಹೇಳಿ. ಸಡಿಲಿಕೆ ಕೊಡುವ ದಾರಿ ನಿಮ್ಮ ನಿಯಮದಲ್ಲೇ ಇದೆ ಅಂತ 2023ರಲ್ಲಿ ನಿಮ್ಮ ಇಲಾಖೆಯೇ ತೋರಿಸಿಕೊಟ್ಟಿದೆ. ಆದರೆ ಪ್ರತಿ ಸಲ ಕೋಚು, ಫೆಡರೇಷನ್ನು, ಅಭಿಮಾನಿಗಳು ಎಲ್ಲರೂ ಸೇರಿ ಗೋಗರೆದ ಮೇಲೆ ಕೊಡುವ ಸಡಿಲಿಕೆ ನಮಗೆ ಬೇಡ. ನಿಯಮವನ್ನೇ ತಿದ್ದಿ. ಮುಂದಿನ ಸುತ್ತೋಲೆಯಲ್ಲಿ ವಯೋಮಿತಿಯ ತಂಡಗಳಿಗೆ ಅಂತ ಒಂದು ಪ್ರತ್ಯೇಕ ಸಾಲು ಸೇರಿಸಿ, ತೀರ್ಮಾನಕ್ಕೆ ಒಂದು ಕೊನೆಯ ದಿನಾಂಕ ಹಾಕಿ. ಆ ಸುತ್ತೋಲೆಯನ್ನು ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಿ. ನಾನು ಅದನ್ನು ಕಾಯುತ್ತಿರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಹುಡುಗರಿಗೆ ಫುಟ್‌ಬಾಲ್ ಕಲಿಸುವ ಒಬ್ಬ ತಂದೆ
ಬೆಂಗಳೂರು